ಗುಂಡಿ, ಕಾಜಾ ಮತ್ತು ಸೂಜಿದಾರ

ಗುಂಡಿ ಬಹಳ ಹಳೆಯದು. ಅದನ್ನು ಗಟ್ಟಿಯಾಗಿ ಹೊಲಿಯಬೇಕಾದ ಅಗತ್ಯ ಅಷ್ಟು ಹಳೆಯದಲ್ಲ. ಸಿಂಧೂ ಕಣಿವೆಯ ಜನ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಚಿಪ್ಪನ್ನು ಕೊರೆದು, ದಾರ ಹಾಯಲು ತೂತಿಟ್ಟು ಗುಂಡಿ ಮಾಡಿದ್ದರು. ಅವು ಹೆಚ್ಚಾಗಿ ಅಲಂಕಾರಕ್ಕೆ. ಉಡುಪಿನ ಎರಡು ಅಂಚುಗಳನ್ನು ಹಿಡಿದಿಡುವ ಹೊಣೆ ಗುಂಡಿಯ ಮೇಲೆ ಬಿದ್ದದ್ದು ಕಾಜಾ ಬಂದಮೇಲೆ. ಹದಿಮೂರನೆಯ ಶತಮಾನದ ಯೂರೋಪಿನಲ್ಲಿ, ಮೈಗೊಪ್ಪುವ ಬಿಗಿ ಉಡುಪುಗಳ ಜೊತೆಗೆ ಕಾಜಾ ಹರಡಿತು. ಅಲ್ಲಿಂದ ಮುಂದೆ, ದಿನಾಲೂ ಬೀಳುವ ಎಳೆತವನ್ನೆಲ್ಲ ತಾಳಬೇಕಾದದ್ದು ನಾಲ್ಕೈದು ಎಳೆ ದಾರ.

ಭಾರತದಲ್ಲಿ ಬಹುಕಾಲ ಈ ತಾಪತ್ರಯ ಕಡಿಮೆಯೇ ಇತ್ತು. ಮೊಗಲರ ಜಾಮಾ ಪಕ್ಕೆಯಲ್ಲಿ ಕಸೆ ಕಟ್ಟುವ ಉಡುಪು. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಬಾರಾಬಂದಿಯೂ ಹಾಗೆಯೇ. ಕೊಡವರ ಕುಪ್ಯಕ್ಕೆ ಸೊಂಟದ ಚೇಲೆಯೇ ಆಧಾರ; ಹೆಂಗಸರ ಕುಪ್ಪಸಕ್ಕೆ ಎದೆಯ ಮೇಲಿನ ಗಂಟು. ಕಸೆ ಕಿತ್ತರೆ ಇನ್ನೊಂದು ಪಟ್ಟಿ ಹಚ್ಚಿದರಾಯಿತು. ಜುಬ್ಬಕ್ಕೆ ಗುಂಡಿ ಬಂದಾಗಲೂ ಅನುಕೂಲಸ್ಥರು ಅದನ್ನು ಹೊಲಿಸುತ್ತಿರಲಿಲ್ಲ. ಎರಡು ಅಂಚಿಗೂ ಕಾಜಾ ಹಾಕಿಸಿ, ಸರಪಳಿಯಲ್ಲಿ ಪೋಣಿಸಿದ ಬೆಳ್ಳಿ ಅಥವಾ ಚಿನ್ನದ ಗುಂಡಿಗಳನ್ನು ತೂರಿಸಿಕೊಳ್ಳುತ್ತಿದ್ದರು. ಬಟ್ಟೆ ಅಗಸರಿಗೆ ಹೋಗುವ ಮುನ್ನ ಗುಂಡಿ ಪೆಟ್ಟಿಗೆಗೆ ಮರಳುತ್ತಿತ್ತು. ಒಗೆಯುವ ಕಲ್ಲಿನ ಏಟಿಗೆ ಗುಂಡಿಯನ್ನು ಒಡ್ಡದ ಈ ಏರ್ಪಾಡು ಇಂದಿನದಕ್ಕಿಂತ ಜಾಣತನದ್ದೆಂದೇ ಹೇಳಬೇಕು.

ಯೂರೋಪಿನಲ್ಲಿ ಗುಂಡಿ ಮಾಡುವುದೇ ಸೂಜಿಯ ಕೆಲಸವಾಗಿದ್ದ ಊರುಗಳೂ ಇದ್ದವು. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಹದಿನೇಳನೆಯ ಶತಮಾನದಿಂದ ಸಾವಿರಾರು ಹೆಂಗಸರು, ಮಕ್ಕಳು ಮನೆಯಲ್ಲೇ ಕುಳಿತು ಉಂಗುರಕ್ಕೆ ದಾರ ಸುತ್ತಿ ಹೆಣೆದು ಗುಂಡಿ ಮಾಡುತ್ತಿದ್ದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜಾನ್ ಆಷ್ಟನ್ ಗುಂಡಿ ಮಾಡುವ ಯಂತ್ರ ತೋರಿಸಿದ. ಕೆಲವೇ ವರ್ಷಗಳಲ್ಲಿ ಆ ಕಸುಬು ನೆಲಕಚ್ಚಿ, ಎಷ್ಟೋ ಕುಟುಂಬಗಳು ಹೊಟ್ಟೆಪಾಡಿಗಾಗಿ ಕಡಲಾಚೆ ಹೋದವು. ಅಮೆರಿಕದ ಮಸ್ಕಟೀನ್ ಊರಲ್ಲಿ 1891ರಲ್ಲಿ ಜರ್ಮನಿಯ ಜಾನ್ ಬೋಪ್ಲೆ ನದಿಯ ಚಿಪ್ಪಿನಿಂದ ಗುಂಡಿ ಕೊರೆಯುವ ಕಾರ್ಖಾನೆ ತೆರೆದ. ಇತ್ತ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ, ನೆಪೋಲಿಯನ್ ಯುದ್ಧಗಳಿಂದ ರೇಷ್ಮೆ ಸಿಗದಾದಾಗ, ಕ್ಲಾರ್ಕ್ ಮನೆತನದವರು ಹತ್ತಿಯಿಂದಲೇ ನಯವಾದ ಹೊಲಿಗೆ ದಾರ ಹೊಸೆದಿದ್ದರು. ಗುಂಡಿ, ದಾರ ಎರಡೂ ಅಗ್ಗವಾದವು. ಕಿತ್ತದ್ದನ್ನು ಮತ್ತೆ ಹಾಕುವುದು ಎಲ್ಲ ಮನೆಗಳ ಕೆಲಸವಾಯಿತು. 1862ರಿಂದ ಇಂಗ್ಲೆಂಡಿನ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಹುಡುಗಿಯರಿಗೆ ಹೊಲಿಗೆ ಕಡ್ಡಾಯ. ಹುಡುಗರು ಇದನ್ನು ಕಲಿಯುತ್ತಿದ್ದದ್ದು ಸೈನ್ಯದಲ್ಲಿ: ಬ್ರಿಟಿಷ್ ಸಿಪಾಯಿಯ ಸಾಮಾನಿನಲ್ಲಿ ಸೂಜಿ, ದಾರ, ಅಂಗುಷ್ಠಾನ, ಬಿಡಿ ಗುಂಡಿಗಳಿದ್ದ ಪುಟ್ಟ ಚೀಲ ಇರಲೇಬೇಕಿತ್ತು.

ಆಮೇಲೆ ಯಂತ್ರವೇ ಗುಂಡಿಯನ್ನು ಹೊಲಿಯತೊಡಗಿತು. ಆದರೆ ಗುಂಡಿಯ ಮೆಷಿನ್ನುಗಳಲ್ಲಿ ಬಹಳಷ್ಟು ಹಾಕುವುದು ಒಂಟಿ ದಾರದ ಸರಪಳಿ ಹೊಲಿಗೆ. 1857ರಲ್ಲಿ ಜೇಮ್ಸ್ ಗಿಬ್ಸ್ ಪೇಟೆಂಟ್ ಪಡೆದ ಯಂತ್ರದ್ದೂ ಇದೇ ಬಗೆ. ಒಂದು ಕುಣಿಕೆ ಇನ್ನೊಂದರೊಳಗೆ ಸಿಕ್ಕಿಕೊಂಡಿರುತ್ತದೆ, ಕೊನೆಯ ಕುಣಿಕೆ ಸಡಿಲವಾದರೆ ಉಳಿದದ್ದೆಲ್ಲ ಸರಸರನೆ ಬಿಚ್ಚುತ್ತದೆ. ಅಕ್ಕಿ ಮೂಟೆಯ ಬಾಯಿ ಒಂದೇ ಎಳೆತಕ್ಕೆ ತೆರೆದುಕೊಳ್ಳುವುದೂ ಇದೇ ಹೊಲಿಗೆಯಿಂದ. ಹೊಸ ಅಂಗಿಯ ಗುಂಡಿ ಎರಡನೆಯ ಒಗೆತಕ್ಕೇ ಉದುರಿದರೆ ದಾರವನ್ನು ದೂರಬೇಕಿಲ್ಲ.

ಕೈಹೊಲಿಗೆಯಲ್ಲಿ ಮೊದಲು ಬಟ್ಟೆಯ ಮೇಲೆ ಸಣ್ಣ ಟಾಕು ಹಾಕಿ ದಾರವನ್ನು ಭದ್ರಪಡಿಸುತ್ತಾರೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಅದರ ಮೇಲಿಂದ ಪ್ರತಿ ಜೋಡಿ ತೂತಿಗೆ ಮೂರ್ನಾಲ್ಕು ಸಲ ದಾರ ಹಾಯಿಸುತ್ತಾರೆ. ಕಡ್ಡಿ ತೆಗೆದು ಗುಂಡಿಯನ್ನು ಮೇಲಕ್ಕೆತ್ತಿದರೆ ಕೆಳಗೆ ದಾರದ ಪುಟ್ಟ ಕತ್ತು ಉಳಿಯುತ್ತದೆ. ಅದಕ್ಕೆ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಅಡಿಯಲ್ಲಿ ಗಂಟು ಹಾಕಬೇಕು. ಇಡೀ ಕೆಲಸದ ಗುಟ್ಟು ಆ ಕತ್ತಿನಲ್ಲಿದೆ. ಕಾಜಾದ ಪಟ್ಟಿಯ ದಪ್ಪಕ್ಕೆ ಜಾಗ ಇಲ್ಲದಿದ್ದರೆ ಪ್ರತಿ ಸಲ ಗುಂಡಿ ಹಾಕುವಾಗಲೂ ಬಟ್ಟೆ ಜಗ್ಗುತ್ತದೆ, ಕೊನೆಗೆ ದಾರದ ಬದಲು ಬಟ್ಟೆಯೇ ಹರಿಯುತ್ತದೆ. ಕೋಟಿನಂಥ ದಪ್ಪ ಉಡುಪಿಗೆ ಒಳಮೈಯಲ್ಲಿ ಇನ್ನೊಂದು ಚಿಕ್ಕ ಗುಂಡಿ ಇಟ್ಟು ಎರಡನ್ನೂ ಒಟ್ಟಿಗೆ ಹೊಲಿಯುವುದುಂಟು. ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕುಬೀಳುವುದು ಕಡಿಮೆ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್‌ಗಳಲ್ಲಿ ಕಾಜಾಕ್ಕೂ ಗುಂಡಿಗೂ ಬೇರೆ ಬೇರೆ ಮೆಷಿನ್ನುಗಳಿವೆ. ವಿದೇಶಕ್ಕೆ ಹೋಗುವ ಮಕ್ಕಳ ಉಡುಪಿನ ಗುಂಡಿಯನ್ನು ಉಪಕರಣದಿಂದ ಎಳೆದು ಪರೀಕ್ಷಿಸುತ್ತಾರೆ. ಮಗು ಅದನ್ನು ಕಿತ್ತು ನುಂಗೀತೆಂಬ ಭಯ. ದೊಡ್ಡವರ ಅಂಗಿಗೆ ಅಷ್ಟು ಕಾಳಜಿ ಇಲ್ಲ, ಒಳಪಟ್ಟಿಗೆ ಒಂದು ಹೆಚ್ಚುವರಿ ಗುಂಡಿ ಹೊಲಿದು ಕಳಿಸುತ್ತಾರೆ. ಬೀದಿಯ ಟೈಲರ್ ಅಂಗಡಿಗಳಲ್ಲಿ ಕಾಜಾ-ಗುಂಡಿ ಇಂದಿಗೂ ಬೇರೆಯೇ ಕೆಲಸ. ಹೊಲಿದ ಬಟ್ಟೆಗಳ ಗಂಟು ಅಕ್ಕಪಕ್ಕದ ಮನೆಗಳ ಹೆಂಗಸರ ಕೈಗೆ ಹೋಗುತ್ತದೆ, ಕೂಲಿ ಲೆಕ್ಕ ಹಾಕುವುದು ಉಡುಪಿಗೆ ಇಷ್ಟೆಂದು.