ಕೂಲೆಂಟ್ ಸೋರಿಕೆಯ ನಂತರದ ಎಂಜಿನ್ ತಪಾಸಣೆ

ಕೂಲೆಂಟ್ ಸೋರಿಕೆಯ ನಂತರದ ಎಂಜಿನ್ ತಪಾಸಣೆ ಎಂದರೆ ಕಾರಿನ ಶೀತಕ ದ್ರವವು ಸೋರಿಹೋಗಿ ಎಂಜಿನ್ ಅತಿಯಾಗಿ ಬಿಸಿಯಾದ ಬಳಿಕ, ಅದರ ಒಳಭಾಗಗಳಿಗೆ ಹಾನಿಯಾಗಿದೆಯೇ ಎಂದು ತಿಳಿಯಲು ನಡೆಸುವ ಪರೀಕ್ಷೆಗಳು. ಒಡೆದ ಹೋಸ್ ಪೈಪನ್ನು ಬದಲಿಸಿ ಕೂಲೆಂಟ್ ತುಂಬಿದ ಮಾತ್ರಕ್ಕೆ ದುರಸ್ತಿ ಮುಗಿದಂತಾಗುವುದಿಲ್ಲ. ಸಿಲಿಂಡರ್ ಹೆಡ್ ಬಾಗಿದ್ದರೂ, ಹೆಡ್ ಗ್ಯಾಸ್ಕೆಟ್ ಹಾಳಾಗಿದ್ದರೂ ಎಂಜಿನ್ ಕೆಲವು ದಿನ ಸಹಜವಾಗಿಯೇ ಓಡಬಹುದು. ಅಷ್ಟರಲ್ಲಿ ಎಂಜಿನ್ ಆಯಿಲ್‌ಗೆ ಬೆರೆತ ಕೂಲೆಂಟ್ ಬೇರಿಂಗುಗಳನ್ನು ಸವೆಸುತ್ತದೆ. ಗ್ಯಾಸ್ಕೆಟ್ ಬದಲಾವಣೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಇಡೀ ಎಂಜಿನ್ ಬಿಚ್ಚುವವರೆಗೆ ಬೆಳೆಯುತ್ತದೆ.

ಹಾನಿ ಉಂಟಾಗುವ ಬಗೆ

ಕೂಲೆಂಟ್ ಸಾಮಾನ್ಯವಾಗಿ ನೀರು ಮತ್ತು ಎಥಿಲೀನ್ ಗ್ಲೈಕಾಲ್‌ಗಳ ಮಿಶ್ರಣ. ಗ್ಲೈಕಾಲ್ ಅದರ ಕುದಿಯುವ ಬಿಂದುವನ್ನು ಸ್ವಲ್ಪ ಏರಿಸುತ್ತದೆ. ರೇಡಿಯೇಟರಿನ ಒತ್ತಡದ ಮುಚ್ಚಳ ಇನ್ನಷ್ಟು ಏರಿಸಿ 120 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಮಾಡುತ್ತದೆ. ಸೋರಿಕೆಯಾದಾಗ ದ್ರವದ ಪ್ರಮಾಣದೊಡನೆ ಒತ್ತಡವೂ ಇಳಿಯುವುದರಿಂದ ಉಳಿದ ದ್ರವ ಬೇಗನೆ ಕುದಿಯುತ್ತದೆ. ಆಗ ಉಂಟಾಗುವ ಹಬೆ, ಲೋಹದ ಶಾಖವನ್ನು ದ್ರವದಷ್ಟು ಸಮರ್ಥವಾಗಿ ಒಯ್ಯಲಾರದು.

ಅಲ್ಯೂಮಿನಿಯಂ ಬಿಸಿಯಾದಾಗ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಲ್ಯೂಮಿನಿಯಂ ಹೆಡ್ಡನ್ನು ಕಬ್ಬಿಣದ ಬ್ಲಾಕಿಗೆ ಬಿಗಿದಿರುವ ಎಂಜಿನ್‌ಗಳಲ್ಲಿ ಈ ವ್ಯತ್ಯಾಸದ ಒತ್ತಡವೆಲ್ಲ ನಡುವಿನ ಗ್ಯಾಸ್ಕೆಟ್ ಮೇಲೆ ಬೀಳುತ್ತದೆ. ಬಿಸಿ ಮಿತಿಮೀರಿದರೆ ಹೆಡ್ ಬಾಗುತ್ತದೆ, ಕೆಲವೊಮ್ಮೆ ವಾಲ್ವ್‌ಗಳ ನಡುವೆ ಬಿರುಕು ಬಿಡುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿಯುವುದರಿಂದಲೂ ಬಿರುಕು ಬರಬಹುದು.

ತಾಪಮಾಪಕದ ಮಿತಿ

ಮುಳ್ಳು ಕೆಂಪು ಗೆರೆ ಮುಟ್ಟಲಿಲ್ಲ, ಆದ್ದರಿಂದ ಎಂಜಿನ್ ಸುರಕ್ಷಿತ ಎಂಬ ತೀರ್ಮಾನ ಸಾಮಾನ್ಯವಾದುದು, ಆದರೆ ನಂಬಲರ್ಹವಲ್ಲ. ತಾಪ ಸಂವೇದಕವು ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ತಾಪವನ್ನು ಅಳೆಯುತ್ತದೆ. ದ್ರವದ ಮಟ್ಟ ಅದಕ್ಕಿಂತ ಕೆಳಗಿಳಿದರೆ ಸುತ್ತಲಿನ ಗಾಳಿ ಅಥವಾ ಹಬೆಯ ತಾಪವನ್ನಷ್ಟೇ ತಿಳಿಸುತ್ತದೆ. ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಹೀಗಾಗಿ ಕೂಲೆಂಟ್ ಎಷ್ಟು ಉಳಿದಿತ್ತು, ಆ ಸ್ಥಿತಿಯಲ್ಲಿ ಕಾರು ಎಷ್ಟು ದೂರ ಓಡಿತು ಎಂಬ ವಿವರಗಳು ಮಾಪಕದ ಸೂಚನೆಗಿಂತ ಹೆಚ್ಚು ಉಪಯುಕ್ತ.

ಪ್ರಾಥಮಿಕ ತಪಾಸಣೆ

ಎಂಜಿನ್ ಪೂರ್ತಿ ತಣಿದ ಮೇಲೆಯೇ ರೇಡಿಯೇಟರ್ ಮುಚ್ಚಳವನ್ನು ತೆರೆಯಬೇಕು. ಬಿಸಿಯಿರುವಾಗ ತೆರೆದರೆ ಕುದಿಯುವ ದ್ರವ ಚಿಮ್ಮಿ ತೀವ್ರ ಸುಟ್ಟಗಾಯಗಳಾಗುತ್ತವೆ. ಎಥಿಲೀನ್ ಗ್ಲೈಕಾಲ್ ವಿಷಕಾರಿ. ರುಚಿ ಸಿಹಿಯಾಗಿರುವುದರಿಂದ ನೆಲಕ್ಕೆ ಚೆಲ್ಲಿದ್ದನ್ನು ಸಾಕುಪ್ರಾಣಿಗಳು ನೆಕ್ಕುವ ಅಪಾಯವಿದೆ.

ಮೊದಲು ನೋಡಬೇಕಾದುದು ಡಿಪ್‌ಸ್ಟಿಕ್. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅಥವಾ ಅದರ ಮಟ್ಟ ಏರಿದ್ದರೆ ಕೂಲೆಂಟ್ ಬೆರೆತಿರುವ ಸಂಭವ ಹೆಚ್ಚು. ಅಂಥ ಎಂಜಿನ್ ಚಾಲೂ ಮಾಡಬಾರದು. ಆಯಿಲ್ ತುಂಬುವ ಮುಚ್ಚಳದ ಒಳಗೆ ಮಾತ್ರ ತೆಳುವಾದ ಕೆನೆ ಕಟ್ಟಿದ್ದರೆ ಅದು ಅಲ್ಪದೂರದ ಓಡಾಟದಿಂದ ಸಾಂದ್ರೀಕರಿಸಿದ ತೇವವೂ ಆಗಿರಬಹುದು. ಆಯಿಲ್ ಕೂಲರ್ ಇರುವ ಎಂಜಿನ್‌ಗಳಲ್ಲಿ ಕೂಲರ್ ಒಡೆದರೂ ಎರಡು ದ್ರವಗಳು ಬೆರೆಯುತ್ತವೆ. ಆಯಿಲ್ ಬಣ್ಣವೊಂದರಿಂದಲೇ ಗ್ಯಾಸ್ಕೆಟ್ ಹಾಳಾಗಿದೆಯೆಂದು ನಿರ್ಧರಿಸಲಾಗದು.

ಪೆಟ್ರೋಲ್ ಎಂಜಿನ್‌ನಲ್ಲಿ ಮುಂದೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಹೋಲಿಸಲಾಗುತ್ತದೆ. ಕೂಲೆಂಟ್ ನುಗ್ಗಿದ ಸಿಲಿಂಡರಿನ ಪ್ಲಗ್ ಉಳಿದವುಗಳಿಗಿಂತ ತೊಳೆದಂತೆ ಸ್ವಚ್ಛವಾಗಿರುತ್ತದೆ. ಸಿಲಿಂಡರಿನಲ್ಲಿ ದ್ರವ ನಿಂತಿರುವಾಗ ಸ್ಟಾರ್ಟರ್ ತಿರುಗಿಸಿದರೆ, ದ್ರವ ಅದುಮಲ್ಪಡದ ಕಾರಣ ಕನೆಕ್ಟಿಂಗ್ ರಾಡ್ ಬಾಗಬಹುದು. ಈ ಅನುಮಾನವಿದ್ದಲ್ಲಿ ಪ್ಲಗ್ ತೆಗೆದೇ ಎಂಜಿನ್ ತಿರುಗಿಸಬೇಕು.

ಚಾಲನೆಯಲ್ಲಿರುವ ಎಂಜಿನ್‌ನ ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಸಿಹಿ ವಾಸನೆ, ಕೂಲೆಂಟ್ ತೊಟ್ಟಿಯಲ್ಲಿ ಸತತ ಗುಳ್ಳೆಗಳು ಇತರ ಲಕ್ಷಣಗಳು.

ಉಪಕರಣಗಳ ಪರೀಕ್ಷೆ

ಲಕ್ಷಣ ಕಾಣದಿದ್ದರೂ ಈ ಪರೀಕ್ಷೆಗಳನ್ನು ಮಾಡಿಸುವುದು ಯುಕ್ತ. ತಣಿದ ವ್ಯವಸ್ಥೆಗೆ ಕೈಪಂಪಿನಿಂದ ಮುಚ್ಚಳದ ಮೇಲೆ ನಮೂದಿಸಿದಷ್ಟು ಒತ್ತಡ ಕೊಟ್ಟು, ಅದು ಇಳಿಯುತ್ತದೆಯೇ ಎಂದು ನೋಡಲಾಗುತ್ತದೆ. ಒತ್ತಡ ಇಳಿದರೂ ಹೊರಗೆಲ್ಲೂ ತೇವ ಕಾಣದಿದ್ದರೆ ಸೋರಿಕೆ ಒಳಗೇ ಇರಬಹುದು.

ರಾಸಾಯನಿಕ ಪರೀಕ್ಷೆಯಲ್ಲಿ ರೇಡಿಯೇಟರಿನೊಳಗಿನ ಗಾಳಿಯನ್ನು ಬ್ರೋಮೋಥೈಮಾಲ್ ಬ್ಲೂ ಇರುವ ನೀಲಿ ದ್ರಾವಣದ ಮೂಲಕ ಹಾಯಿಸುತ್ತಾರೆ. ದಹನಾನಿಲದ ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರಾವಣ ಹಸಿರಾಗಿ, ಬಳಿಕ ಹಳದಿಗೆ ತಿರುಗುತ್ತದೆ. ಕೂಲೆಂಟ್ ಹನಿ ಒಳಸೇರಿದರೆ ಪರೀಕ್ಷೆ ಕೆಡುವುದರಿಂದ ಮೊದಲು ಅದರ ಮಟ್ಟ ತಗ್ಗಿಸಬೇಕು.

ಕಂಪ್ರೆಷನ್ ಪರೀಕ್ಷೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳ ಒತ್ತಡ ಒಟ್ಟಿಗೆ ಕಡಿಮೆಯಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ ಬರುತ್ತದೆ. ಪಿಸ್ಟನ್ ಅನ್ನು ಕಂಪ್ರೆಷನ್ ಹೊಡೆತದ ತುದಿಯಲ್ಲಿ ನಿಲ್ಲಿಸಿ ಸಿಲಿಂಡರಿಗೆ ಗಾಳಿ ತುಂಬುವ ಸೋರಿಕೆ ಪರೀಕ್ಷೆ ಇನ್ನೂ ಸ್ಪಷ್ಟ: ಗಾಳಿ ರೇಡಿಯೇಟರಿನಲ್ಲಿ ಗುಳ್ಳೆಯಾಗಿ ಬಂದರೆ ಗ್ಯಾಸ್ಕೆಟ್ ಹಾನಿ ಅಥವಾ ಬಿರುಕು, ಆಯಿಲ್ ಮುಚ್ಚಳದಲ್ಲಿ ಸುಸ್ಸೆಂದರೆ ಪಿಸ್ಟನ್ ರಿಂಗ್ ದೋಷ, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್ ದೋಷ.

ಹೆಡ್ ಬಿಚ್ಚಿದ ಮೇಲೆ

ಹೆಡ್ ಬಿಚ್ಚಬೇಕಾಗಿ ಬಂದಲ್ಲಿ ಹೊಸ ಗ್ಯಾಸ್ಕೆಟ್ ಇಟ್ಟು ಹಾಗೆಯೇ ಮುಚ್ಚುವುದು ತಪ್ಪು. ಹೆಡ್ ಮೇಲೆ ನೇರ ಅಂಚಿನ ಪಟ್ಟಿಯನ್ನು ಉದ್ದಕ್ಕೂ ಕರ್ಣಕ್ಕೂ ಇರಿಸಿ, ಫೀಲರ್ ಗೇಜಿನಿಂದ ಸಂದನ್ನು ಅಳೆಯಬೇಕು. ಹಲವು ಕಾರುಗಳಲ್ಲಿ ಅನುಮತಿಸುವ ಬಾಗು 0.05ರಿಂದ 0.1 ಮಿಲಿಮೀಟರ್ ಮಾತ್ರ. ನಿಖರ ಮಿತಿ ತಯಾರಕರ ಕೈಪಿಡಿಯಲ್ಲಿರುತ್ತದೆ. ಬ್ಲಾಕಿನ ಮೇಲ್ಮೈಯನ್ನೂ ಹೀಗೆಯೇ ಅಳೆಯುವುದುಂಟು. ಅತಿಯಾಗಿ ಕಾದ ಅಲ್ಯೂಮಿನಿಯಂ ಗಡಸುತನ ಕಳೆದುಕೊಂಡಿರಬಹುದಾದ್ದರಿಂದ ಸಮತಟ್ಟಾಗಿಸಿದ ಮಾತ್ರಕ್ಕೆ ಪ್ರತಿ ಹೆಡ್ಡೂ ಮರುಬಳಕೆಗೆ ಯೋಗ್ಯವಲ್ಲ.

ಜೋಡಣೆಯ ನಂತರ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಕೂಲೆಂಟ್ ತುಂಬಿ ವ್ಯವಸ್ಥೆಯಲ್ಲಿ ಸಿಕ್ಕ ಗಾಳಿಯನ್ನು ಹೊರಹಾಕಲಾಗುತ್ತದೆ. ಮುಂದಿನ ಕೆಲವು ದಿನ, ತಣಿದ ಎಂಜಿನ್‌ನಲ್ಲಿ ಕೂಲೆಂಟ್ ಮಟ್ಟವನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ.