ಡಫರಿನ್ ತರಬೇತಿ ಹಡಗು: ಬ್ರಿಟಿಷ್ ಸರ್ಕಾರ ಒಪ್ಪಿದ್ದೇನು, ಒಪ್ಪದಿದ್ದೇನು?

ಬ್ರಿಟಿಷ್ ಆಳ್ವಿಕೆಯಲ್ಲಿ ಭಾರತದ ಕರಾವಳಿ ಸರಕು ಸಾಗಣೆ ಬಹುತೇಕ ಬ್ರಿಟಿಷ್ ಕಂಪನಿಗಳ ಕೈಯಲ್ಲಿತ್ತು. ಭಾರತೀಯರು ಹಡಗುಗಳಲ್ಲಿ ಖಲಾಸಿಗಳಾಗಿ ದುಡಿಯುತ್ತಿದ್ದರೇ ಹೊರತು ಅಧಿಕಾರಿಗಳಾಗುವುದು ಅಪರೂಪವಾಗಿತ್ತು. 1923ರಲ್ಲಿ ಸರ್ಕಾರವೇ ನೇಮಿಸಿದ ಭಾರತೀಯ ವಾಣಿಜ್ಯ ನೌಕಾ ಸಮಿತಿ ಎರಡು ಮುಖ್ಯ ಸಲಹೆ ನೀಡಿತು: ಭಾರತೀಯ ಯುವಕರಿಗೆ ತರಬೇತಿ ಹಡಗು ಹಾಗೂ ಪರವಾನಗಿ ಮೂಲಕ ಕರಾವಳಿ ವ್ಯಾಪಾರವನ್ನು ಹಂತಹಂತವಾಗಿ ಭಾರತೀಯ ಹಡಗುಗಳಿಗೆ ಮೀಸಲಿಡುವುದು.

ಮೊದಲನೆಯದನ್ನು ಸರ್ಕಾರ ಒಪ್ಪಿತು. ಸೈನಿಕರನ್ನು ಸಾಗಿಸುತ್ತಿದ್ದ 'ಡಫರಿನ್' ಹಡಗು 1927ರಲ್ಲಿ ಮುಂಬೈನಲ್ಲಿ ತರಬೇತಿ ಶಾಲೆಯಾಯಿತು. ಎರಡನೆಯದು ಜಾರಿಯಾಗಲಿಲ್ಲ. 1928ರಲ್ಲಿ ಎಸ್.ಎನ್. ಹಾಜಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಕರಾವಳಿ ಮೀಸಲು ಮಸೂದೆಯೂ ಕಾಯ್ದೆಯಾಗಲಿಲ್ಲ.

ತರಬೇತಿ ಪಡೆದವರಿಗೆ ಕೆಲಸ ಕೊಡಬಲ್ಲ, 1919ರಲ್ಲಿ ಆರಂಭವಾದ ಸಿಂಧಿಯಾದಂಥ ಸ್ವದೇಶಿ ಕಂಪನಿಗಳು ಕೆಲವೇ ಇದ್ದವು. ಕರಾವಳಿ ಸಾಗಣೆ ಭಾರತೀಯ ಹಡಗುಗಳಿಗೆ ಮೀಸಲಾಗಿದ್ದು ಸ್ವಾತಂತ್ರ್ಯಾನಂತರ, 1950ರ ದಶಕದ ಆರಂಭದಲ್ಲಿ.