ಹೆಪ್ಪುಗಟ್ಟಿದ ಐವತ್ತಮೂರು ದಿನಗಳು

ಲೊಕ್ಕನಹಳ್ಳಿ ಕಡೆಯ ರೈತರಿಗೆ ದ್ರವ ಸಾರಜನಕದ ಕ್ಯಾನು ಅಪರಿಚಿತವೇನಲ್ಲ. ಬೆದೆಗೆ ಬಂದ ಹಸುವಿಗೆ ಇಂಜೆಕ್ಷನ್ ಹಾಕಿಸಲು ಹೋದವರೆಲ್ಲ ಅದನ್ನು ಕಂಡಿದ್ದಾರೆ. ಮುಚ್ಚಳ ತೆಗೆದೊಡನೆ ಬಿಳಿಯ ಹಬೆ ಹೊರಸೂಸುತ್ತದೆ. ಒಳಗೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಹೋರಿಯ ವೀರ್ಯದ ಕಡ್ಡಿಗಳು. ಆ ಊರಿನ ಸಮೀಪದ ದಂಪತಿಗಳು ಕೆಲವು ತಿಂಗಳ ಹಿಂದೆ ನನ್ನಲ್ಲಿಗೆ ಬಂದರು. ಕೈಯಲ್ಲಿ ನಗರದ ಚಿಕಿತ್ಸಾ ಕೇಂದ್ರವೊಂದರ ಪತ್ರ. ಅವರ ಮಗಳಿಗೆ ಈಗ ಮೂರು ವರ್ಷ. ಉಳಿದ ಎರಡು ಭ್ರೂಣಗಳು ಇನ್ನೂ ಅಲ್ಲಿಯೇ ಇವೆ, ವರ್ಷದ ಶುಲ್ಕ ಕಟ್ಟಬೇಕು ಎಂದು ಬರೆದಿತ್ತು. "ಸ್ವಾಮಿ, ಹಸುಗೆ ತರ್ತಾರಲ್ಲ, ಅಂಥ ಕ್ಯಾನಲ್ಲೇ ಇಟ್ಟಿರ್ತಾರಾ?" ಎಂದು ಆಕೆ ಕೇಳಿದರು.

ಹೆಚ್ಚುಕಡಿಮೆ ಅಂಥದ್ದರಲ್ಲಿಯೇ. ಈ ವಿದ್ಯೆ ಕೊಟ್ಟಿಗೆಯನ್ನು ಹಾದೇ ಹೆರಿಗೆ ಕೋಣೆಗೆ ಬಂದಿತು. ಜೀವಕೋಶದೊಳಗಿನ ನೀರು ಹಿಮದ ಹರಳಾದರೆ ಕೋಶವನ್ನು ಸೀಳಿಬಿಡುತ್ತದೆ. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಆ ಅಪಾಯದಿಂದ ಪಾರಾಗುತ್ತವೆಂದು ಇಂಗ್ಲೆಂಡಿನ ಕ್ರಿಸ್ಟೋಫರ್ ಪೋಲ್ಜ್ ಮತ್ತು ಸಂಗಡಿಗರು 1949ರಲ್ಲಿ ಕಂಡುಕೊಂಡರು. 1972ರಲ್ಲಿ ಹೆಪ್ಪುಗಟ್ಟಿಸಿದ ಭ್ರೂಣಗಳಿಂದ ಇಲಿಮರಿಗಳೂ, ಮರುವರ್ಷ ಕರುವೊಂದೂ ಜನಿಸಿದವು. ಮನುಷ್ಯನ ಸರದಿ ಬಹಳ ದೂರವಿರಲಿಲ್ಲ.

ಆ ಸರದಿ ಮೊದಲು ಬಂದುದು ನಮ್ಮ ದೇಶದಲ್ಲಿಯೇ ಎಂಬುದು ಎಷ್ಟು ಮಂದಿಗೆ ಗೊತ್ತು? ವಿಶ್ವದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಎಪ್ಪತ್ತು ದಿನಗಳ ಬಳಿಕ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಹೆಣ್ಣುಮಗುವೊಂದು ಹುಟ್ಟಿತು. ದುರ್ಗಾಪೂಜೆಯ ಕಾಲ, ಮಗು 'ದುರ್ಗಾ' ಎಂದೇ ಪ್ರಸಿದ್ಧವಾಯಿತು. ಡಾ. ಸುಭಾಷ್ ಮುಖೋಪಾಧ್ಯಾಯರು ಆ ಭ್ರೂಣವನ್ನು ಎಂಟು ಕೋಶಗಳ ಹಂತದಲ್ಲಿ ಹೆಪ್ಪುಗಟ್ಟಿಸಿ, ಐವತ್ತಮೂರು ದಿನ ಕಾದಿರಿಸಿ, ಬಳಿಕ ತಾಯಿಯ ಗರ್ಭಕ್ಕೆ ಸೇರಿಸಿದ್ದರು. ಲೂಯಿಸಳ ಭ್ರೂಣ ಶೈತ್ಯವನ್ನು ಕಂಡೇ ಇರಲಿಲ್ಲ.

ಅದಕ್ಕೆ ಸಂದ ಬಹುಮಾನ ವಿಚಾರಣೆ! ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅವರ ಮಾತನ್ನು ನಂಬಲಿಲ್ಲ. ವಿದೇಶದಲ್ಲಿ ತಮ್ಮ ಸಾಧನೆ ವಿವರಿಸಲು ಅನುಮತಿ ದೊರೆಯಲಿಲ್ಲ. ಕೊನೆಗೆ ಅವರನ್ನು ಕಣ್ಣಿನ ಚಿಕಿತ್ಸಾ ಸಂಸ್ಥೆಗೆ ವರ್ಗಾಯಿಸಲಾಯಿತು. 1981ರ ಜೂನ್ 19ರಂದು ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಮೂರು ವರ್ಷಗಳ ನಂತರ, 1984ರಲ್ಲಿ, ಆಸ್ಟ್ರೇಲಿಯದ ಜೋಯಿ ಎಂಬ ಮಗುವನ್ನು ಹೆಪ್ಪುಗಟ್ಟಿಸಿದ ಭ್ರೂಣದಿಂದ ಹುಟ್ಟಿದ ಪ್ರಥಮ ಶಿಶುವೆಂದು ಜಗತ್ತು ಕೊಂಡಾಡಿತು.

ಸತ್ಯ ಹೊರಬಂದದ್ದು ನಮ್ಮ ಬೆಂಗಳೂರಿನಿಂದ. ಡಾ. ಟಿ.ಸಿ. ಆನಂದಕುಮಾರ್ ಅವರ ಹೆಸರು ಆಗಲೇ ಚರಿತ್ರೆಯಲ್ಲಿ ಸೇರಿತ್ತು: ಡಾ. ಇಂದಿರಾ ಹಿಂದುಜಾ ಅವರೊಡನೆ ಅವರು ಶ್ರಮಿಸಿದ ಫಲವಾಗಿ 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಜನಿಸಿದ ಹರ್ಷಾಳನ್ನೇ ದೇಶದ ಮೊದಲ ಪ್ರನಾಳ ಶಿಶುವೆಂದು ಎಲ್ಲರೂ ಒಪ್ಪಿದ್ದರು. ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ಅವರ ಕೈಸೇರಿದಾಗ ಅವರು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. 1997ರಲ್ಲಿ, ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಆ ಗೌರವ ತಮ್ಮದಲ್ಲ, ಮಡಿದ ಕಲ್ಕತ್ತೆಯ ವೈದ್ಯರದು ಎಂದು ಬರೆದರು. ತನ್ನ ಕಿರೀಟವನ್ನು ತಾನೇ ಇಳಿಸಿದ ವಿಜ್ಞಾನಿಯನ್ನು ನಾನು ಬೇರೆ ಕಂಡಿಲ್ಲ. 2010ರಲ್ಲಿ ಅವರು ತೀರಿಕೊಂಡರು.

ಮುಖೋಪಾಧ್ಯಾಯರನ್ನು ನಾನು ಗೌರವಿಸುತ್ತೇನೆ. ಆದರೂ ಅವರು ತೆರೆದ ಬಾಗಿಲಿನ ಮುಂದೆ ಧರ್ಮಸಭೆ ನಿಂತು ಯೋಚಿಸಿತು. 1987ರ 'ದೋನುಂ ವೀತೇ' ಪತ್ರವು ಭ್ರೂಣವನ್ನು ಹೆಪ್ಪುಗಟ್ಟಿಸುವುದನ್ನು ಮಾನವ ಘನತೆಗೆ ಎಸಗುವ ಅಪಚಾರವೆಂದಿತು. 2008ರ 'ದಿಗ್ನಿತಾಸ್ ಪೆರ್ಸೋನೇ', ಉಳಿದುಹೋದ ಭ್ರೂಣಗಳ ಕುರಿತ ಪರಿಹಾರಗಳನ್ನು ಒಂದೊಂದಾಗಿ ಪರಿಶೀಲಿಸಿ, ಈ ಅನ್ಯಾಯಕ್ಕೆ ಪೂರ್ಣ ಪರಿಹಾರ ಕಾಣದೆಂದು ಒಪ್ಪಿಕೊಂಡಿತು. ನಮ್ಮ ದೇಶದ 2021ರ ಕಾಯಿದೆ ಮಾತ್ರ ಲೆಕ್ಕವನ್ನು ಸರಳಗೊಳಿಸಿದೆ: ಹತ್ತು ವರ್ಷ ಇಡಬಹುದು, ಆಮೇಲೆ ನಾಶವಾಗಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು.

ಇದನ್ನೆಲ್ಲ ಆ ದಂಪತಿಗಳಿಗೆ ವಿವರಿಸಿದೆ. ತಾಯಿಯ ಗರ್ಭವೊಂದೇ ಆ ಎರಡು ಜೀವಗಳಿಗೆ ತಕ್ಕ ಮನೆಯೆಂಬುದು ನನ್ನ ಅಭಿಪ್ರಾಯ, ಅದನ್ನೂ ಹೇಳಿದೆ. ಗಂಡ ಬಹಳ ಹೊತ್ತು ಮಾತಾಡಲಿಲ್ಲ. ಜೋಳದ ಬೆಳೆ ಕೈಗೆ ಬರಲಿ ಎಂದರು. ಈ ವರ್ಷದ ಶುಲ್ಕ ಕಟ್ಟಿ ಬಂದಿದ್ದಾರೆ. ಒಟ್ಟು ನಾಲ್ಕು ವರ್ಷ ಕಳೆದಿದೆ, ಇನ್ನು ಆರು ಉಳಿದಿದೆ ಎಂದು ಆಕೆ ಬೆರಳೆಣಿಸಿ ಹೇಳಿದರು.